ಐದು ಸ್ಟಾರಿನ ಊಟ

ಶಾಲೆಯಿಂದ ಪ್ರವಾಸದ ಸುದ್ದಿ ಬಂದ ಸಂಜೆ ಧನ್ಯಶ್ರೀ ಸಾರಿಗೆ ಒಗ್ಗರಣೆ ಕೊಡುವುದನ್ನೇ ಮರೆತು ಮೊಬೈಲ್ ಹಿಡಿದು ನಿಂತುಬಿಟ್ಟಳು. ನಾಲ್ಕನೇ ಕ್ಲಾಸಿನ ಮಕ್ಕಳನ್ನು ಮಿನುಗುಲೋಕಕ್ಕೆ ಕರೆದುಕೊಂಡು ಹೋಗುತ್ತಾರಂತೆ. ಹೊಸನಗರದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ಹೋದ ವರ್ಷ ಶುರುವಾದ ಪಾರ್ಕು ಅದು. ನೀರಿನ ಜಾರುಬಂಡೆ, ಬಾಯಿ ತೆರೆದು ಗರ್ಜಿಸುವ ಫೈಬರಿನ ಡೈನೋಸಾರ್, ತೊಟ್ಟಿಲು, ಎಲ್ಲ ಇದೆ ಎಂದು ಮಗಳು ರಕ್ಷಾ ಆಗಲೇ ಅಜ್ಜನ ಮುಂದೆ ಕುಣಿಯುತ್ತಿದ್ದಳು. ಧನ್ಯಶ್ರೀಯ ಕಣ್ಣು ಮಾತ್ರ ಮೆಸೇಜಿನ ಕೊನೆಯ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ‘ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಮಧ್ಯಾಹ್ನದ ಊಟ ಪಾರ್ಕಿನ ರೆಸ್ಟೋರೆಂಟಿನಲ್ಲಿ.’

ರಕ್ಷಾಳಿಗೆ ಶೇಂಗಾ ಆಗುವುದಿಲ್ಲ. ಆಗುವುದಿಲ್ಲ ಎಂದರೆ ಮೈ ತುರಿಕೆ ಬಂದು ಹೋಗುವ ಬಾಬತ್ತಲ್ಲ. ಮೂರು ವರ್ಷದವಳಿದ್ದಾಗ ನೆಂಟರ ಮನೆಯ ನಾಮಕರಣದಲ್ಲಿ ಯಾರೋ ಬಾಯಿಗಿಟ್ಟ ಒಂದು ಚೂರು ಚಿಕ್ಕಿಗೆ ತುಟಿ ಊದಿ, ಕಣ್ಣು ಮುಚ್ಚಿ, ಉಸಿರು ಸೀಟಿ ಹೊಡೆದಿತ್ತು. ಆವತ್ತು ಆಗುಂಬೆ ಘಾಟಿ ಇಳಿದು ಮಣಿಪಾಲ ಮುಟ್ಟುವ ತನಕ ಧನ್ಯಶ್ರೀ ಮಗಳ ಎದೆಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದಳು. ಆಮೇಲೆ ಅವಳ ಬದುಕು ಎರಡು ಭಾಗವಾಯಿತು. ಮನೆಯೊಳಗಿನ ಊಟ, ಮನೆಯ ಹೊರಗಿನ ಊಟ. ಹೊರಗಿನದು ಬೇಡವೇ ಬೇಡ.

ಆ ರೆಸ್ಟೋರೆಂಟನ್ನು ಗುತ್ತಿಗೆಗೆ ಹಿಡಿದು ನಡೆಸುತ್ತಿದ್ದವನು ಬೇರೆ ಯಾರೂ ಅಲ್ಲ, ಅವಳ ನಾದಿನಿ ಸ್ವಪ್ನಾಳ ಗಂಡ ಯೋಗರಾಜ್. ಸಾಗರದವನು. ಅವನನ್ನೇ ಕೇಳಬಹುದಿತ್ತು. ಆದರೆ ಮನೆಯವರನ್ನು ಕೇಳಿದರೆ ಮನೆಯವರ ಮಾತೇ ಬರುತ್ತದೆ, ಗುರುತಿಲ್ಲದವರು ಏನು ಹೇಳುತ್ತಾರೆ ನೋಡೋಣ ಎಂದು ಅವಳು ರಿವ್ಯೂ ತೆಗೆದಳು. ನಾಲ್ಕೂವರೆಗೂ ಮೇಲೆ ಸ್ಟಾರು. ‘ಊಟ ಸೂಪರ್’, ‘ಪನ್ನೀರ್ ಮಸ್ತ್’, ‘ಕ್ಲೀನ್ ಇದೆ’. ಎಲ್ಲೋ ನಡುವೆ ಒಬ್ಬರು ಒಂದೇ ಸ್ಟಾರು ಕೊಟ್ಟು ‘ಅಡುಗೆಮನೆ ನೋಡಿದರೆ ಊಟ ಸೇರುವುದಿಲ್ಲ’ ಎಂದು ಬರೆದಿದ್ದರು. ಅದರ ಕೆಳಗೆ ಉದ್ದದ್ದೊಂದು ಇತ್ತು.

‘ನಮ್ಮ ಮಗಳಿಗೆ ಶೇಂಗಾ ಅಲರ್ಜಿ. ಮೊದಲೇ ಹೇಳಿದ್ದೆವು. ಬೇರೆ ಪಾತ್ರೆಯಲ್ಲಿ ಮಾಡಿ ಕೊಟ್ಟರು. ಮಗು ಹೊಟ್ಟೆ ತುಂಬ ಊಟ ಮಾಡಿದಳು. ಅಲರ್ಜಿ ಇರುವ ಮಕ್ಕಳ ತಂದೆತಾಯಿ ಧೈರ್ಯವಾಗಿ ಹೋಗಬಹುದು.’

ಧನ್ಯಶ್ರೀ ಅದನ್ನು ಎರಡು ಸಲ ಓದಿದಳು. ತನ್ನ ಹಾಗೇ ಜೀವ ಕೈಯಲ್ಲಿ ಹಿಡಿದುಕೊಂಡು ಓಡಾಡುವ ಇನ್ನೊಬ್ಬ ತಾಯಿ ಈ ಸೀಮೆಯಲ್ಲೇ ಇದ್ದಾಳೆ! ಆಕೆಯ ಜೊತೆ ಒಮ್ಮೆ ಮಾತಾಡಬೇಕು ಅನ್ನಿಸಿತು. ಬರೆದವರು ಯಾರೆಂದು ಮೇಲೆ ನೋಡಿದಳು. ವಿನೋದ್ ಎಂ. ಪಕ್ಕದಲ್ಲಿ ಬ್ಯಾಟರಿ ಅಂಗಡಿಯ ಬೋರ್ಡಿನ ಮುಂದೆ ನಗುತ್ತ ನಿಂತ ಅವಳ ಗಂಡನ ಫೋಟೋ.

ಒಗ್ಗರಣೆ ಸೀದುಹೋಯಿತು.

ರಾತ್ರಿ ಊಟಕ್ಕೆ ಕೂತಾಗ ಅವಳು ಮೊಬೈಲನ್ನು ಗಂಡನ ತಟ್ಟೆಯ ಪಕ್ಕಕ್ಕೆ ತಳ್ಳಿದಳು. “ನಾವು ಯಾವಾಗ ಹೋಗಿದ್ವಿ ಅಲ್ಲಿಗೆ?”

ವಿನೋದ್ ನೋಡಿದ, ನಕ್ಕ. “ಓ, ಇದಾ. ಭಾವ ಗ್ರೂಪಲ್ಲಿ ಹಾಕಿದ್ರಲ್ಲ, ಎಲ್ಲರೂ ಒಂದೊಂದು ಬರೀರಿ ಅಂತ. ಯಾರೋ ಒಬ್ಬ ಕೆಟ್ಟದಾಗಿ ಬರ್ದು ಗಿರಾಕಿ ಕಮ್ಮಿ ಆಗಿದ್ರು. ಬರ್ದೆ.”

“ನಿಮಗೆ ರಕ್ಷಾನ ಹೆಸರೇ ಬೇಕಿತ್ತಾ?”

“ಹೆಸರು ಎಲ್ಲಿ ಹಾಕಿದೀನಿ? ಭಾವನೇ ಹೇಳಿದ್ರು, ಅಲರ್ಜಿ ವಿಷ್ಯ ಬರಿ, ಜನ ನಂಬ್ತಾರೆ ಅಂತ.”

“ಅದೇ ನಾನು ಹೇಳದು. ಜನ ನಂಬ್ತಾರೆ! ನಾನೇ ನಂಬಿದ್ದೆ, ನಿಮ್ಮ ಮೋರೆ ನೋಡೋ ತನಕ.”

“ಸ್ವಲ್ಪ ಮೆತ್ತಗೆ ಮಾತಾಡು, ಧನ್ಯಾ,” ಎಂದರು ಅತ್ತೆ ಮೂಕಮ್ಮ, ಮಜ್ಜಿಗೆ ಬಡಿಸುತ್ತ. “ಅಳಿಯ ಬಾಯ್ಬಿಟ್ಟು ಕೇಳಿದಾಗ ಇಲ್ಲ ಅನ್ನಕ್ಕೆ ಆಗ್ತದಾ? ನಮ್ಮ ಹುಡುಗಿ ಆ ಮನೇಲಿದಾಳೆ.”

“ಅತ್ತೆ, ಯಾರೋ ಇದನ್ನ ನೋಡ್ಕೊಂಡು ಮಗೂನ ಕರ್ಕೊಂಡು ಹೋದ್ರೆ?”

ಮಾವ ಮುಕುಂದಯ್ಯ ತಲೆ ಎತ್ತಲಿಲ್ಲ. ಪಂಚಾಯ್ತಿಯಲ್ಲಿ ಬಿಲ್ ಕಲೆಕ್ಟರಾಗಿ ಊರವರ ಜಗಳವನ್ನೆಲ್ಲ ಕೇಳಿ ಕೇಳಿ ಸಾಕಾಗಿ ನಿವೃತ್ತರಾದವರು. “ಮೊಬೈಲಲ್ಲಿ ಬರ್ದಿದ್ದನ್ನ ಯಾರು ನಂಬ್ತಾರೆ ಮಾರಾಯ್ತಿ,” ಎಂದಷ್ಟೇ ಹೇಳಿ ಕೈತೊಳೆಯಲು ಎದ್ದರು.

“ತೆಗೀತೀನಿ ಬಿಡು,” ಎಂದ ವಿನೋದ್.

ತೆಗೆಯಲಿಲ್ಲ. ಮರುದಿನ ನೋಡಿದಳು, ಇತ್ತು. ಅದರ ಮರುದಿನವೂ ಇತ್ತು. ಕೇಳಿದರೆ ಅಂಗಡಿಯಲ್ಲಿ ಕೆಲಸ ಎಂದ. ಇನ್ನೊಮ್ಮೆ ಕೇಳಿದರೆ ಈಗ ತೆಗೆದರೆ ಭಾವನಿಗೆ ಗೊತ್ತಾಗುತ್ತದೆ, ಬೇಜಾರು ಮಾಡಿಕೊಳ್ಳುತ್ತಾರೆ, ಸ್ವಲ್ಪ ದಿನ ಕಳೆಯಲಿ ಎಂದ. ಆ ಬರಹದ ಕೆಳಗೆ ಓದಿದವರು ಒತ್ತಿದ ಪುಟ್ಟ ಹೃದಯಗಳ ಗುರುತು ಮಾತ್ರ ಹೆಚ್ಚುತ್ತಿತ್ತು. ಬೇರೆ ಯಾವ ರಿವ್ಯೂಗೂ ಅಷ್ಟಿರಲಿಲ್ಲ. ಬ್ಲೌಸಿಗೆ ಹೆಮ್ಮಿಂಗ್ ಹಾಕುತ್ತ ಕೂತವಳು ಸೂಜಿ ಬಿಟ್ಟು ಮತ್ತೆ ಮತ್ತೆ ನೋಡುವಳು. ಸುಮ್ಮನೆ ಊಟ ಹುಡುಕುವವರು ಇದಕ್ಕೆ ಯಾಕೆ ಒತ್ತುತ್ತಾರೆ? ಒತ್ತಿದವರ ಮನೆಯಲ್ಲಿ ಒಂದೊಂದು ಅಂಥ ಮಗು ಇರಬೇಕು.

ಕೊನೆಗೆ ಅವಳು ಸ್ವಪ್ನಾಗೆ ಫೋನ್ ಮಾಡಿದಳು. ಮೊದಲು ಸಾಗರದ ಚಳಿ, ಕೆಮ್ಮು, ಹೊಸ ಸೀರೆ, ಅದು ಇದು. ಆಮೇಲೆ ಕೇಳಿದಳು. “ಸ್ವಪ್ನಾ, ರಕ್ಷಾನ ಸ್ಕೂಲಿಂದ ನಿಮ್ಮಲ್ಲಿಗೆ ಬರ್ತಿದಾರೆ. ನೀನೇ ಹೇಳು, ಕಳಿಸ್ಲಾ?”

ಆ ಕಡೆ ಪಾತ್ರೆಯ ಸದ್ದು ನಿಂತಿತು. ಬಾಗಿಲು ಎಳೆದುಕೊಂಡ ಸದ್ದು. ಆಮೇಲೆ ಪಿಸುಮಾತು. “ಕಳಿಸಬೇಡಿ ಅತ್ತಿಗೆ.”

“ಯಾಕೆ?”

“ಗೋಡಂಬಿ ದುಬಾರಿ ಅಂತ ಎಲ್ಲಾ ಗ್ರೇವಿಗೂ ಶೇಂಗಾನೇ ಅರೆದು ಹಾಕದು. ಬಣ್ಣ, ದಪ್ಪ ಎಲ್ಲಾ ಅದ್ರಲ್ಲೇ ಬರ್ತದೆ. ಯಾರಾದ್ರೂ ಕೇಳಿದ್ರೆ ಇಲ್ಲ ಅನ್ನಬೇಕು ಅಂತ ಹುಡುಗರಿಗೆ ಹೇಳಿಟ್ಟಿದಾರೆ. ಭಾನುವಾರ ರಶ್ ಅಂತ ನಾನೇ ಹೋಗಿ ಅರೀತೀನಿ.” ಉಸಿರು ಎಳೆದುಕೊಂಡಳು. “ನಾನು ಹೇಳಿದ್ದು ಅಂತ ಬಾಯಿ ಬಿಡಬೇಡಿ ಅತ್ತಿಗೆ. ಅಣ್ಣನ ಹತ್ರನೂ. ಕೈ ಮುಗೀತೀನಿ. ಇವ್ರು ಸಿಟ್ಟು ಬಂದ್ರೆ ಮನುಷ್ಯರಾಗಿರಲ್ಲ.”

ಫೋನ್ ಕಟ್ಟಾಯಿತು. ಧನ್ಯಶ್ರೀ ಅರ್ಧಕ್ಕೆ ಬಿಟ್ಟಿದ್ದ ಬ್ಲೌಸನ್ನು ಮತ್ತೆ ಹೊಲಿಗೆ ಯಂತ್ರಕ್ಕೆ ಸಿಕ್ಕಿಸಿದಳು. ಈಗ ಅವಳ ಹತ್ತಿರ ಸತ್ಯವಿತ್ತು, ಬಾಯಿ ಇರಲಿಲ್ಲ.

ರಕ್ಷಾಳನ್ನು ಕಳಿಸಲಿಲ್ಲ. ಕ್ಲಾಸ್ ಟೀಚರ್ ಮೀನಾಕ್ಷಮ್ಮ ಫೋನ್ ಮಾಡಿ, “ಎಂತ ಮೇಡಂ, ನಿಮ್ಮ ಯಜಮಾನರೇ ಬರೆದಿದ್ದು ಓದಿ ನಾವು ಧೈರ್ಯ ಮಾಡಿದ್ವಿ, ಈಗ ನೀವೇ ಬೇಡ ಅಂತೀರಲ್ಲ?” ಎಂದರು. “ಅವಳಿಗೆ ಶೀತ ಮೇಡಂ,” ಎಂದು ಧನ್ಯಶ್ರೀ ತಪ್ಪಿಸಿಕೊಂಡಳು. ಗಂಡ ಸುಳ್ಳು ಬರೆದ ಎಂದು ಹೇಳುವ ಜಾಗದಲ್ಲಿ ತಾನೂ ಒಂದು ಸುಳ್ಳು ಹೇಳಿದಳು. ರಕ್ಷಾ ಅತ್ತು ಅತ್ತು ಊಟ ಬಿಟ್ಟಳು. “ನನ್ನ ಹೊಟ್ಟೆ ಒಳಗೆ ಕೂತ್ಕೊಂಡು ನೀನೇ ಊಟ ಮಾಡು,” ಎಂದು ಕಿರುಚಿದಳು. ಶಾಲೆಯ ಮಕ್ಕಳೆಲ್ಲ ಹೋಗಿ, ನೀರಾಡಿ, ಪನ್ನೀರ್ ತಿಂದು, ನಗುನಗುತ್ತ ವಾಪಸ್ ಬಂದರು.

“ನೋಡು, ಯಾರಿಗೆ ಎಂತ ಆಯ್ತು?” ಎಂದ ವಿನೋದ್. “ನಿಂದು ಬರೀ ಹೆದರಿಕೆ. ಮಗೂಗೂ ಅದನ್ನೇ ತಿನ್ನಿಸ್ತಿದೀಯ.”

ಧನ್ಯಶ್ರೀ ಒಣಗಿದ ಬಟ್ಟೆ ತರಲು ಹಿತ್ತಿಲಿಗೆ ನಡೆದಳು. ಇದ್ದ ಉತ್ತರವನ್ನು ಹೇಳುವ ಹಾಗಿರಲಿಲ್ಲ.

ಅದಾದ ಮೇಲಿನ ಭಾನುವಾರ ಬೆಳಿಗ್ಗೆ ಎಲ್ಲರೂ ಕಡುಬು ತಿನ್ನುತ್ತ ಕೂತಿದ್ದರು. ಮುಕುಂದಯ್ಯ ಚಟ್ನಿ ಹಾಕಿಸಿಕೊಳ್ಳುತ್ತ ಏನೋ ನೆನಪಾದವರಂತೆ ಅಂದರು. “ವಿನೋದ, ಮೊನ್ನೆ ನೀನು ಸ್ನಾನಕ್ಕೆ ಹೋದಾಗ ನಿನ್ನ ಅಂಗಡಿ ಫೋನಿಗೆ ಒಂದು ಹೆಣ್ಣುಮಗಳು ಮಾಡಿದ್ರು. ಹೊಸನಗರದ ಆಚೆ ನಗರ ಅಂತ ಊರಿದೆಯಲ್ಲ, ಅಲ್ಲಿಯೋರಂತೆ. ಮಹಾಲಕ್ಷ್ಮೀ ಅಂತ ಹೆಸರು.”

“ಬ್ಯಾಟರಿಗಾ?”

“ಅಲ್ಲ ಮಾರಾಯ. ನೀನು ಪಾರ್ಕಿನ ಹೋಟ್ಲು ಬಗ್ಗೆ ಬರ್ದಿದ್ದು ಓದಿದ್ರಂತೆ. ನಿನ್ನ ಹೆಸರು ಹಿಡ್ಕೊಂಡು ಅಂಗಡಿ ನಂಬ್ರ ಹುಡುಕಿದಾರೆ. ಅವ್ರ ಮಗೂಗೂ ಶೇಂಗಾ ಆಗಲ್ವಂತೆ. ನಿಜವಾಗ್ಲೂ ಹೋಗಬಹುದಾ ಅಂತ ಕೇಳಿದ್ರು.”

ಧನ್ಯಶ್ರೀಯ ಕೈಯ ಸೌಟು ಪಾತ್ರೆಗೆ ಬಿತ್ತು. “ನೀವು ಎಂತ ಹೇಳಿದ್ರಿ ಮಾವ?”

“ನಮ್ಮ ಅಳಿಯಂದೇ ಹೋಟ್ಲು, ಆರಾಮಾಗಿ ಹೋಗಿ ಅಂದೆ. ಪಾಪ, ಬಹಳ ಖುಷಿಯಾದ್ರು. ಭಾನುವಾರ ಹೋಗ್ತೀವಿ ಅಂದ್ರು.” ಸೊಸೆಯ ಮುಖ ನೋಡಿ ಅವರ ಮಾತು ಕುಗ್ಗಿತು. “ಇವತ್ತೇ ಅಲ್ದಾ ಭಾನುವಾರ?”

“ರೀ, ಫೋನ್ ಮಾಡಿ. ಈಗ್ಲೇ.”

ಆ ನಂಬರಿಗೆ ಹಚ್ಚಿದರೆ ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂಬ ಮಾತು. ಮತ್ತೆ ಹಚ್ಚಿದರೂ ಅದೇ. ನಗರದ ಕಡೆ ನೆಟ್‌ವರ್ಕ್ ಎಂಬುದು ಬಂದರೆ ಬಂತು. ವಿನೋದ್ ಇನ್ನೂ ತಟ್ಟೆ ಹಿಡಿದು ಕೂತಿದ್ದ. “ಭಾವ ನೋಡ್ಕೊಳ್ತಾರೆ ಬಿಡು...”

“ಭಾವ ಎಂತ ನೋಡ್ಕೊಳ್ತಾರೆ? ಅಲ್ಲಿ ಎಲ್ಲಾದ್ರಲ್ಲೂ ಶೇಂಗಾ ಅರೆದು ಹಾಕದು! ಕೇಳಿದೋರಿಗೆ ಇಲ್ಲ ಅನ್ನದು!”

“ನಿಂಗೆ ಯಾರು ಹೇಳಿದ್ದು?”

ಅವಳು ಮೂಕಮ್ಮನ ಕಡೆ ನೋಡಿದಳು. ಮೂಕಮ್ಮ ಅಡುಗೆಮನೆಯ ಬಾಗಿಲು ಹಿಡಿದು ನಿಂತಿದ್ದರು. ಮಗಳ ಹೆಸರು ಕೇಳುವ ಮೊದಲೇ ಅವರಿಗೆ ತಿಳಿದಂತಿತ್ತು. “ಹೇಳಬೇಡ,” ಎಂದರು ಮೆಲ್ಲಗೆ. “ಹೆಸರು ಹೇಳಬೇಡ ಧನ್ಯಾ.”

ಹೇಳಬೇಕಾಗಲಿಲ್ಲ. ವಿನೋದ್ ತಾಯಿಯ ಮುಖ ನೋಡಿದ, ತಟ್ಟೆ ಅಲ್ಲೇ ಬಿಟ್ಟು ಕೈ ಒರೆಸಿಕೊಂಡು ಓಮ್ನಿಯ ಕೀ ತೆಗೆದುಕೊಂಡ.

ಧನ್ಯಶ್ರೀ ರಕ್ಷಾಳ ಇಂಜೆಕ್ಷನ್ನಿನ ಚೀಲವನ್ನು ಹೆಗಲಿಗೆ ಹಾಕಿಕೊಂಡಳು. ಶೇಂಗಾ ಹೊಟ್ಟೆಗೆ ಹೋದರೆ ಕೊಡಲೆಂದು ಮಣಿಪಾಲದ ಡಾಕ್ಟರು ಬರೆದುಕೊಟ್ಟದ್ದು. ಕತ್ತು ಮುರಿಯುವ ಪುಟ್ಟ ಗಾಜಿನ ಸೀಸೆ, ಸಿರಿಂಜು. ಎಷ್ಟು ತೂಕಕ್ಕೆ ಎಷ್ಟು ಔಷಧ ಎಂದು ಅವರು ಕೂರಿಸಿಕೊಂಡು ಕಲಿಸಿದ್ದರು. ಇಷ್ಟು ವರ್ಷ ಹೊತ್ತಳೇ ಹೊರತು ಒಮ್ಮೆಯೂ ಬಳಸಿರಲಿಲ್ಲ. ಇದನ್ನು ತೆಗೆದುಕೊಂಡು ಹೋದರೆ ಮಗಳು ಬರಿಗೈಯಲ್ಲಿ ಉಳಿದಂತೆ. “ಅತ್ತೆ, ನಾನು ಬರೋ ತನಕ ಅವಳಿಗೆ ಮೊಸರನ್ನ ಬಿಟ್ಟು ಎಂತದೂ ಕೊಡಬೇಡಿ. ಪಕ್ಕದ ಮನೆಯವರು ಬಂದ್ರೂ ಬೇಡ,” ಎಂದು ಗೇಟಿನಿಂದ ಕೂಗಿದಳು.

ತೀರ್ಥಹಳ್ಳಿಯ ಕುರುವಳ್ಳಿಯಿಂದ ಹೊರಟ ಓಮ್ನಿ ಹೊಸನಗರದ ದಾರಿ ಹಿಡಿಯಿತು. ತಿರುವಿನ ಮೇಲೆ ತಿರುವು, ಮುಂದೆ ಮರಳಿನ ಲಾರಿ. ಧನ್ಯಶ್ರೀ ಒಂದೇ ಸಮನೆ ಮಹಾಲಕ್ಷ್ಮೀಯ ನಂಬರ್ ಒತ್ತುತ್ತಿದ್ದಳು. ನಡುವೆ ಸ್ವಪ್ನಾಗೂ ಮಾಡಿದಳು, ಅವಳು ಎತ್ತಲಿಲ್ಲ. ಯೋಗರಾಜ್ ಕೊನೆಗೂ ಎತ್ತಿದ. ಹಿಂದೆ ಮಕ್ಕಳ ಗದ್ದಲ, ಪ್ಲೇಟುಗಳ ಸದ್ದು.

“ಭಾವ, ನಗರದಿಂದ ಒಂದು ಫ್ಯಾಮಿಲಿ ಬಂದಿದ್ಯಾ? ಶೇಂಗಾ ಆಗದೆ ಇರೋ ಮಗು...” ವಿನೋದ್ ಡ್ರೈವ್ ಮಾಡುತ್ತಲೇ ಕೂಗಿದ.

“ನೂರಾರು ಜನ ಬಂದಿದಾರೆ ಮಾರಾಯ, ಯಾರು ಅಂತ ನೋಡ್ಲಿ? ಬಂದ್ರೆ ನೋಡ್ಕೊಳ್ತೀನಿ. ಈಗ ಇಡು.”

ಇಟ್ಟುಬಿಟ್ಟ. ವಿನೋದ್ ಹಾರ್ನ್ ಒತ್ತುತ್ತ ಮರಳಿನ ಲಾರಿಯನ್ನು ಹಿಂದೆ ಹಾಕಿದ. ಬೈಯಬೇಕೆಂದುಕೊಂಡದ್ದೆಲ್ಲ ಧನ್ಯಶ್ರೀಯ ನಾಲಿಗೆಯ ತುದಿಯಲ್ಲಿತ್ತು. ಬೈದರೆ ತಿರುವಿನಲ್ಲಿ ಅವನ ಕೈ ತಪ್ಪೀತು ಎಂಬ ಹೆದರಿಕೆಗೆ ತುಟಿ ಕಚ್ಚಿ ಕೂತಳು.

ಪಾರ್ಕಿನ ರೆಸ್ಟೋರೆಂಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒದ್ದೆ ಬಟ್ಟೆಯ ಮಕ್ಕಳು, ಪ್ಲಾಸ್ಟಿಕ್ ಕುರ್ಚಿಗಳು, ಹಾಡು. ಧನ್ಯಶ್ರೀ ಬಾಗಿಲಲ್ಲೇ ನಿಂತು ಗಂಟಲು ಹರಿಯುವಂತೆ ಕೂಗಿದಳು. “ಮಹಾಲಕ್ಷ್ಮೀ ಅಂತ ಯಾರು? ನಗರದ ಮಹಾಲಕ್ಷ್ಮೀ?”

ಕಿಟಕಿಯ ಪಕ್ಕದ ಮೇಜಿನಿಂದ ಒಬ್ಬಳು ಅನುಮಾನದಿಂದ ಕೈ ಎತ್ತಿದಳು. ಎದುರಿಗೆ ಗಂಡ. ನಡುವೆ ಹಳದಿ ಫ್ರಾಕಿನ ಮಗು, ನಾಲ್ಕೈದು ವರ್ಷದ್ದು, ಕೈಯಲ್ಲಿ ಗ್ರೇವಿ ಅದ್ದಿದ ರೊಟ್ಟಿಯ ಚೂರು.

“ತಿನ್ನಿಸಬೇಡಿ! ಅದ್ರಲ್ಲಿ ಶೇಂಗಾ ಇದೆ!”

ಮಹಾಲಕ್ಷ್ಮೀ ಮಗುವಿನ ಕೈ ಹಿಡಿದಳು, ಆದರೆ ರೊಟ್ಟಿ ಕಿತ್ತುಕೊಳ್ಳಲಿಲ್ಲ. “ನೀವು ಯಾರು? ಕೇಳೇ ತಗೊಂಡಿದೀವಿ. ಇಲ್ಲ ಅಂದ್ರು.”

“ನಾನು ವಿನೋದ್ ಅವರ ಹೆಂಡತಿ. ತೀರ್ಥಹಳ್ಳಿ. ನೀವು ಫೋನ್ ಮಾಡಿದ್ರಲ್ಲ.”

“ಮತ್ತೆ ನಿಮ್ಮ ಯಜಮಾನರೇ ಬರ್ದಿದಾರೆ ಸೇಫ್ ಅಂತ. ನಿಮ್ಮ ಮಾವನೋರೂ ಹೇಳಿದ್ರು.”

“ಸುಳ್ಳು ಅದು. ನಾವು ಇಲ್ಲಿಗೆ ಬಂದೇ ಇಲ್ಲ.”

ಮಹಾಲಕ್ಷ್ಮೀಯ ಗಂಡ ಮಂಜುನಾಥ ಎದ್ದು ನಿಂತ. “ಎಂತ ನಾಟಕ ಇದು? ಬರೆಯೋರು ನೀವೇ, ಬೇಡ ಅನ್ನೋರೂ ನೀವೇ. ಬೇರೆ ಹೋಟ್ಲಿನೋರು ಕಳಿಸಿದಾರಾ?”

ಅಷ್ಟರಲ್ಲಿ ಕೌಂಟರಿನಿಂದ ಯೋಗರಾಜ್ ಬಂದ. ಗಿರಾಕಿಗಳ ಕಡೆ ನಗು, ಧನ್ಯಶ್ರೀಯ ಕಡೆ ಕೆಂಡದಂಥ ಕಣ್ಣು. “ಕೂತ್ಕೊಳ್ಳಿ ಸಾರ್, ಊಟ ಮಾಡಿ. ಇವ್ರು ನಮ್ಮ ಸಂಬಂಧಿಕರೇ. ಈಯಮ್ಮಂಗೆ ಸ್ವಲ್ಪ ಗಾಬರಿ ಜಾಸ್ತಿ, ಎಲ್ಲಿ ಹೋದ್ರೂ ಹಿಂಗೇ. ವಿನೋದ, ಕರ್ಕೊಂಡು ಹೋಗು.”

ಎಲ್ಲರೂ ವಿನೋದನನ್ನು ನೋಡಿದರು. ಅವನು ಬಾಗಿಲ ಹತ್ತಿರ ನಿಂತಿದ್ದ. ಅಕ್ಕಪಕ್ಕದ ಮೇಜಿನವರು ಮೊಬೈಲ್ ಎತ್ತಿದ್ದರು. ಅವನು ಏನೂ ಹೇಳದೆ ತನ್ನ ಕೈ ಹಿಡಿದು ಹೊರಗೆ ಎಳೆದುಬಿಡುತ್ತಾನೆ ಎಂದೇ ಧನ್ಯಶ್ರೀ ಅಂದುಕೊಂಡಳು.

“ನಾನು ಇಲ್ಲಿ ಊಟ ಮಾಡಿಲ್ಲ,” ಎಂದ ವಿನೋದ್. ದನಿ ಒಡೆದಿತ್ತು. “ಇವತ್ತೇ ಮೊದಲು ಕಾಲಿಟ್ಟಿದ್ದು. ಭಾವ ಹೇಳಿದ್ರು ಅಂತ ಬರ್ದೆ. ನನ್ನ ಮಗಳಿಗೂ ಶೇಂಗಾ ಆಗಲ್ಲ, ಅದೊಂದೇ ನಿಜ. ಮಗೂಗೆ ಕೊಡಬೇಡಿ.”

ಮಹಾಲಕ್ಷ್ಮೀ ರೊಟ್ಟಿ ಕಿತ್ತುಕೊಂಡಳು. ತಡವಾಗಿತ್ತು. ಮಗು ಕೆಮ್ಮಿತು. ಕುತ್ತಿಗೆ ಕೆರೆದುಕೊಂಡಿತು. ಮತ್ತೆ ಕೆಮ್ಮಿತು. ಧನ್ಯಶ್ರೀ ಆ ಕೆಮ್ಮನ್ನು ಎಷ್ಟು ವರ್ಷ ಕನಸಿನಲ್ಲಿ ಕೇಳಿದ್ದಳೋ, ಗುರುತು ಹಿಡಿಯಲು ಒಂದು ಕ್ಷಣವೂ ಬೇಕಾಗಲಿಲ್ಲ. ತುಟಿಯ ಅಂಚು ದಪ್ಪವಾಗುತ್ತಿತ್ತು.

“ಸ್ವಪ್ನಾ!” ಎಂದು ಅಡುಗೆಮನೆಯ ಕಡೆ ಕೂಗಿದಳು. ಸ್ವಪ್ನಾ ಆಗಲೇ ಬಾಗಿಲಿಗೆ ಬಂದು ನಿಂತಿದ್ದಳು, ಮೊಣಕೈವರೆಗೂ ಹಿಟ್ಟು. “ಇದ್ರಲ್ಲಿ ಶೇಂಗಾ ಇದ್ಯಾ ಇಲ್ವಾ? ಆಸ್ಪತ್ರೇಲಿ ಹೇಳಬೇಕು.”

ಸ್ವಪ್ನಾ ಗಂಡನನ್ನು ನೋಡಿದಳು. ಯೋಗರಾಜ್ ತಲೆ ಅಲ್ಲಾಡಿಸಲಿಲ್ಲ, ಕಣ್ಣು ಮಿಟುಕಿಸಲಿಲ್ಲ. ಸುಮ್ಮನೆ ನೋಡುತ್ತ ನಿಂತ. ಆಮೇಲೆ ಹೌದೆಂದು ತಲೆ ಆಡಿಸಿದಳು.

ಧನ್ಯಶ್ರೀ ಮಗುವನ್ನು ಮೇಜಿನ ಮೇಲೆ ಮಲಗಿಸಿದಳು. “ತೂಕ ಎಷ್ಟು? ಮಗು ತೂಕ ಎಷ್ಟು ಹೇಳಿ!” ಮಹಾಲಕ್ಷ್ಮೀ ಅಳುತ್ತ ಹೇಳಿದಳು. ಲೆಕ್ಕ ಹಾಕಿದಳು, ಮತ್ತೊಮ್ಮೆ ಹಾಕಿದಳು. ಸೀಸೆಯ ಕತ್ತು ಮುರಿಯುವಾಗ ಗಾಜು ಬೆರಳಿಗೆ ಹೊಕ್ಕಿತು. ಇದು ರಕ್ಷಾ ಅಲ್ಲ. ಹೆಚ್ಚಾದರೆ? ಕಮ್ಮಿಯಾದರೆ? ಯಾರದೋ ಮಗು, ಯಾರದೋ ಜೀವ. ಎಳೆಯ ತೊಡೆಗೆ ಸೂಜಿ ಚುಚ್ಚಿದಾಗ ಮಗು ಚೀರಲಿಲ್ಲ. ಅದೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ಸಾಗರದ ಆಸ್ಪತ್ರೆಗೆ ವಿನೋದ್ ಹೇಗೆ ಓಡಿಸಿದನೋ ಅವನಿಗೇ ಗೊತ್ತಿಲ್ಲ. ಹಿಂದಿನ ಸೀಟಿನಲ್ಲಿ ಮಹಾಲಕ್ಷ್ಮೀ ಮಗುವಿನ ಹೆಸರು ಹಿಡಿದು ಕೂಗುತ್ತಲೇ ಇದ್ದಳು. ಧನ್ಯಶ್ರೀಯ ಅಂಗೈ ಮಗುವಿನ ಎದೆಯ ಮೇಲಿತ್ತು. ಊರ ಒಳಗೆ ಕಾಲಿಡುವ ಹೊತ್ತಿಗೆ ಮಗು ಒಮ್ಮೆಲೆ ದೊಡ್ಡದಾಗಿ ಅಳಲು ಶುರುಮಾಡಿತು. ಅಷ್ಟು ಚೆಂದದ ಅಳುವನ್ನು ತಾನು ಎಂದೂ ಕೇಳಿರಲಿಲ್ಲ ಅನ್ನಿಸಿತು ಅವಳಿಗೆ.

ಡಾಕ್ಟರು ನೋಡಿ, ಆಕ್ಸಿಜನ್ ಹಾಕಿ, ಮತ್ತೊಂದು ಇಂಜೆಕ್ಷನ್ ಕೊಟ್ಟು, “ಬದುಕಿಕೊಂಡಿತು, ರಾತ್ರಿ ಇಲ್ಲೇ ಇರಲಿ,” ಎಂದರು. ಹೊರಗಿನ ಬೆಂಚಿನಲ್ಲಿ ಮಂಜುನಾಥ ವಿನೋದನ ಅಂಗಿಯ ಕಾಲರ್ ಹಿಡಿದ. “ನಿಂಗೂ ಮಗಳಿದಾಳೆ ಅಂತೀಯ. ಹೆಂಗೋ ಬರ್ದೆ? ಕೈ ಹೆಂಗೆ ಬಂತು?” ವಿನೋದ್ ಬಿಡಿಸಿಕೊಳ್ಳಲಿಲ್ಲ. ಕಾಲರ್ ಹಿಡಿಸಿಕೊಂಡೇ ನಿಂತಿದ್ದ. ಅವನ ಕಣ್ಣಿಂದ ನೀರು ಹರಿಯತೊಡಗಿದ ಮೇಲೆ ಮಂಜುನಾಥನೇ ಕೈಬಿಟ್ಟು ಗೋಡೆಯ ಕಡೆ ತಿರುಗಿದ. ವಿನೋದ್ ಅಲ್ಲೇ ಕೂತು ತಾನು ಬರೆದದ್ದನ್ನು ಅಳಿಸಿದ. ನಡೆದದ್ದನ್ನು ಬರೆದ.

ಮನೆಗೆ ಬಂದಾಗ ಮೂಕಮ್ಮ ಮಗುವಿನ ಸುದ್ದಿ ಕೇಳಿ ಕೈ ಮುಗಿದರು. ಆಮೇಲೆ ಕೇಳಿದರು. “ಸ್ವಪ್ನಾನ ಎಲ್ಲಿ ಬಿಟ್ಟು ಬಂದ್ರಿ?”

ಇಬ್ಬರೂ ಮುಖ ಮುಖ ನೋಡಿಕೊಂಡರು. ಹಿಟ್ಟಿನ ಕೈಯಲ್ಲಿ ಬಾಗಿಲಲ್ಲಿ ನಿಂತವಳನ್ನು ಹಾಗೇ ಬಿಟ್ಟು ಬಂದಿದ್ದರು.

ಆಮೇಲಿನ ದಿನಗಳು ಫೋನಿನ ದಾರಿ ಕಾಯುವುದರಲ್ಲಿ ಕಳೆದವು. ಸ್ವಪ್ನಾಳ ಮೊಬೈಲ್ ಸ್ವಿಚ್ ಆಫ್. ಯೋಗರಾಜ್ ಒಮ್ಮೆ ಎತ್ತಿ, “ನಿಮ್ಮ ಮನೆ ಹುಡುಗಿ ಚೆನ್ನಾಗಿದಾಳೆ, ನನ್ನ ಮನೆ ಹಾಳು ಮಾಡಿದ್ದು ಸಾಕು,” ಎಂದು ಇಟ್ಟ. ಮುಕುಂದಯ್ಯ ಬಸ್ಸು ಹತ್ತಿ ಸಾಗರಕ್ಕೆ ಹೋದರೆ ಮನೆಗೆ ಬೀಗ. ಪಕ್ಕದವರು, ಅವರೆಲ್ಲ ಪಾರ್ಕಿನಲ್ಲೇ ಇರುತ್ತಾರೆ ಎಂದರು. ಪಾರ್ಕಿನ ಗೇಟಿನಲ್ಲಿ ಅವರನ್ನು ಒಳಗೆ ಬಿಡಲಿಲ್ಲ. ಅಲ್ಲಿಂದಲೇ ತಿರುಗಿ ಬಂದರು. ಫೋನ್ ರಿಂಗಾದರೆ ಎತ್ತಲು ಅವರ ಕೈ ಹಿಂಜರಿಯುತ್ತಿತ್ತು.

ಮೂಕಮ್ಮ ಊಟ ಕಮ್ಮಿ ಮಾಡಿದರು. “ಅವತ್ತು ಅವಳ ಬಾಯಿಂದ ಎಂತಕ್ಕೆ ಹೇಳಿಸಿದೆ?” ಎಂದು ಸೊಸೆಯನ್ನು ಕೇಳಿದರು ಒಂದು ಮಧ್ಯಾಹ್ನ, ಅಕ್ಕಿ ಆರಿಸುತ್ತ.

“ಮಗು ಸಾಯ್ತಿತ್ತು ಅತ್ತೆ.”

“ನಂಗೆ ಗೊತ್ತು.” ಮೊರದ ಮೇಲೆ ಕೈ ನಿಂತಿತು. “ಗೊತ್ತು ಅಂತ ಹೊಟ್ಟೆ ಉರಿಯದು ನಿಲ್ಲದಿಲ್ಲಲ್ಲ.”

ವಿನೋದ್ ಬರೆದ ನಿಜ ಬಹಳ ದಿನ ಉಳಿಯಲಿಲ್ಲ. ಯಾರು ದೂರು ಕೊಟ್ಟರೋ, ಕಾಣೆಯಾಯಿತು. ಅದರ ಜಾಗದಲ್ಲಿ ಹೊಸ ಹೊಸ ಐದು ಸ್ಟಾರುಗಳು ಬಂದವು. ‘ಹೊಟ್ಟೆಕಿಚ್ಚಿನ ನೆಂಟರು ಅಪಪ್ರಚಾರ ಮಾಡುತ್ತಿದ್ದಾರೆ, ನಂಬಬೇಡಿ, ಊಟ ಸೂಪರ್.’ ಮಂಜುನಾಥ ಕೊಟ್ಟ ದೂರಿನ ಮೇಲೆ ಆಹಾರ ಇಲಾಖೆಯ ಅಧಿಕಾರಿಗಳು ಬಂದು ಊಟದ ಮಾದರಿ ತೆಗೆದುಕೊಂಡು ಹೋಗಿದ್ದರು, ವರದಿ ಬರಬೇಕಿತ್ತು. ಮಹಾಲಕ್ಷ್ಮೀ ಒಮ್ಮೆ ಫೋನ್ ಮಾಡಿದಳು. ಬೈಯಲು ಮಾಡಿದ್ದಳೋ, ಸುಮ್ಮನೆ ಮಾಡಿದ್ದಳೋ. “ಮಗು ಈಗ ನನ್ನ ಕೈತುತ್ತನ್ನೂ ನಂಬಲ್ಲ ಅಕ್ಕ. ಮೊದ್ಲು ನೀನು ತಿನ್ನು ಅಂತದೆ,” ಎಂದು ಅತ್ತಳು. ಧನ್ಯಶ್ರೀ ಕೇಳುತ್ತ ಕೂತಳು. ಕರೆ ಮುಗಿದ ಮೇಲೆ ಮೊಬೈಲಿನಲ್ಲಿ ಆ ಪಾರ್ಕಿನ ಪುಟ ತೆಗೆದಳು. ಸ್ಟಾರು ಮೊದಲಿಗಿಂತ ಜಾಸ್ತಿಯಾಗಿತ್ತು.

ಸಂಕ್ರಾಂತಿಗೆ ಇನ್ನೂ ಕೆಲವು ದಿನ ಇರುವಾಗ, ಸಾಗರದ ಬಸ್ಸು ಬರುವ ಹೊತ್ತಿಗೆ, ಗೇಟು ತೆರೆದ ಸದ್ದಾಯಿತು. ಸ್ವಪ್ನಾ ನಿಂತಿದ್ದಳು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಎಡಗೈ ಮಣಿಕಟ್ಟಿಗೆ ಕ್ರೇಪ್ ಬ್ಯಾಂಡೇಜು. ರಕ್ಷಾ “ಸ್ವಪ್ನತ್ತೆ!” ಎಂದು ಓಡಿಹೋದರೆ ಅವಳು ಮುಟ್ಟಗೊಡದೆ ಹಿಂದೆ ಸರಿದಳು. “ಇರು ಪುಟ್ಟಿ, ಮುಟ್ಟಬೇಡ,” ಎಂದು ನೇರ ಹಿತ್ತಿಲ ನಲ್ಲಿಗೆ ಹೋಗಿ, ಸೋಪು ಹಾಕಿ ಕೈ ತೊಳೆದಳು, ಉಗುರು ತಿಕ್ಕಿದಳು, ಮತ್ತೆ ತೊಳೆದಳು. ಸೀರೆ ಬದಲಾಯಿಸಿ ಬಂದ ಮೇಲೆಯೇ ರಕ್ಷಾಳನ್ನು ತಬ್ಬಿಕೊಂಡಳು.

ಯಾರೂ ಕೈಗೆ ಏನಾಯಿತೆಂದು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಮೂಕಮ್ಮ ತಟ್ಟೆ ಹಾಕಿ ಅನ್ನ ಬಡಿಸಿದರು. ಸ್ವಪ್ನಾ ನಾಲ್ಕು ತುತ್ತು ತಿಂದು ನಿಲ್ಲಿಸಿದಳು.

“ಅತ್ತಿಗೆ, ಈಗಲೂ ಅದನ್ನೇ ಹಾಕ್ತಿದಾರೆ. ಅಧಿಕಾರಿಗಳು ಬರೋ ದಿನ ಮಾತ್ರ ಗೋಡಂಬಿ ಅರೆದಿದ್ವಿ. ಯಾರೋ ಮುಂಚೆನೇ ಸುದ್ದಿ ಕೊಟ್ಟಿದ್ರು.” ತಲೆ ಎತ್ತಲಿಲ್ಲ. “ಮುಂದಿನ ವಾರ ಶಾಲೆ ಮಕ್ಕಳ ಬಸ್ಸುಗಳು ಬರ್ತಾವೆ. ದಿನಾ.”

ವಿನೋದ್ ಎದ್ದು ನಿಂತ. “ನಾನು ಮತ್ತೆ ಬರೀತೀನಿ.”

“ನೀನು ಬರ್ದ್ರೆ ಮತ್ತೆ ತೆಗೀತಾರೆ ಅಣ್ಣ. ನಿನ್ನ ಮಾತು ಈಗ ಯಾರು ನಂಬ್ತಾರೆ?” ಸ್ವಪ್ನಾ ಎಂಜಲು ಕೈ ತೊಳೆದು ಬಂದು ಧನ್ಯಶ್ರೀಯ ಮುಂದೆ ಕೈ ಚಾಚಿದಳು. “ಮೊಬೈಲ್ ಕೊಡಿ ಅತ್ತಿಗೆ. ಅರೆದೋಳು ನಾನು.”

ಒಂದೇ ಕೈಯಲ್ಲಿ ನಿಧಾನವಾಗಿ ಟೈಪ್ ಮಾಡಿದಳು. ಮಾಡಿ ಗಟ್ಟಿಯಾಗಿ ಓದಿದಳು. ‘ಈ ಹೋಟೆಲ್ ನಡೆಸುವವರ ಹೆಂಡತಿ ನಾನು. ಗ್ರೇವಿ ನಾನೇ ಮಾಡುತ್ತಿದ್ದೆ. ಎಲ್ಲದರಲ್ಲೂ ಶೇಂಗಾ ಇದೆ. ಕೇಳಿದವರಿಗೆ ಇಲ್ಲ ಎನ್ನುತ್ತಾರೆ. ಶೇಂಗಾ ಆಗದ ಮಕ್ಕಳನ್ನು ಕರೆತರಬೇಡಿ.’

ಮುಕುಂದಯ್ಯ ಕುರ್ಚಿಯಲ್ಲಿ ಅಲುಗದೆ ಕೂತಿದ್ದರು. “ಇದನ್ನ ಹಾಕಿದ ಮೇಲೆ ಅವನು ಇಲ್ಲಿಗೆ ಬರದೇ ಇರದಿಲ್ಲ,” ಎಂದರು. ರಸ್ತೆಯಲ್ಲಿ ಒಂದು ಬೈಕು ಸದ್ದು ಮಾಡುತ್ತ ಹತ್ತಿರ ಬಂತು. ಎಲ್ಲರೂ ಗೇಟಿನ ಕಡೆ ತಿರುಗಿದರು. ಬೈಕು ದಾಟಿಹೋಯಿತು.

ಸ್ವಪ್ನಾ ಮೊಬೈಲನ್ನು ಅತ್ತಿಗೆಯ ಕಡೆ ತಿರುಗಿಸಿದಳು. “ಕೆಳಗೆ ಸ್ವಪ್ನಾ ಅಂತ ಹಾಕಿದೀನಿ. ಸಾಕಲ್ಲ?”

ಮೂಕಮ್ಮ ಅನ್ನದ ಪಾತ್ರೆ ಕೆಳಗಿಟ್ಟು ಮಗಳ ಪಕ್ಕಕ್ಕೆ ಬಂದು ಕೂತರು. ಓದಲು ಬಾರದ ಆ ಅಕ್ಷರಗಳನ್ನು ಬಗ್ಗಿ ನೋಡಿದರು.

“ಬರೀ ಸ್ವಪ್ನಾ ಅಂದ್ರೆ ಯಾರೋ ಅಂದ್ಕೊಳ್ತಾರೆ,” ಎಂದರು. “ತೀರ್ಥಹಳ್ಳಿ ಮುಕುಂದಯ್ಯ ಮೂಕಮ್ಮನ ಮಗಳು ಅಂತ ಹಾಕು. ಹುಡುಕ್ಕೊಂಡು ಬರೋರಿಗೆ ಮನೆ ಗೊತ್ತಾಗ್ಲಿ.”